ಆಚೆ ಬದಿಗೆ ನಲವತ್ತೆರಡು ನಿಮಿಷ

೬ ನವೆಂಬರ್ ೨೦೧೩, ಬುಧವಾರ

ಪೈಪ್ ಕಂಪನಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಹತ್ತು ತಿಂಗಳಿಂದ ಶೆಡ್ಡಿನ ಮೇಜಿನ ಕುಂಟುಕಾಲಿಗೆ ಒತ್ತು ಕೊಟ್ಟುಕೊಂಡಿತ್ತು. ಇವತ್ತು ಎಳೆದು ಒರೆಸಿದೆ. ಮೇಜು ಕುಂಟಲಿ, ಇವತ್ತಿನಿಂದ ನನ್ನ ಮಾತಿಗೆ ಬೇರೆ ಜಾಗವಿಲ್ಲ.

ಆರ್.ಟಿ. ನಗರದ ಗಂಟಲು ಡಾಕ್ಟರು ಮೂಗಿನೊಳಗಿಂದ ಕ್ಯಾಮೆರಾ ಇಳಿಸಿದರು. ಇಪ್ಪತ್ತೆರಡು ವರ್ಷದಿಂದ ಭೂಮಿಗೆ ನಾನು ಮಾಡುತ್ತ ಬಂದದ್ದನ್ನು ಐದು ನಿಮಿಷದಲ್ಲಿ ನನಗೆ ಮಾಡಿದರು. ಟಿ.ವಿ.ಯಲ್ಲಿ ಎರಡು ಗಂಟು ಕಂಡವು, ಸಾಸಿವೆ ಕಾಳಿನಷ್ಟು.

"ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದರು.

ಬೋರ್‌ವೆಲ್ ಕೊರೆಸುತ್ತೇನೆ, ಸ್ವಂತ ರಿಗ್ ಇದೆ, ಯಲಹಂಕದ ಹತ್ತಿರ ಅಲ್ಲಾಳಸಂದ್ರದ ಬ್ಯಾಟರಾಯಪ್ಪ ಅಂದರೆ ಯಾರಿಗೆ ಬೇಕಾದರೂ ಗೊತ್ತು ಎಂದು ಶುರು ಮಾಡಿ, ರಾಡ್ ಹೊರುತ್ತಿದ್ದ ಕಾಲದಿಂದ ಮೊದಲ ರಿಗ್ ಕೊಂಡ ಕಥೆಗೆ ಬಂದಿದ್ದೆ. ಡಾಕ್ಟರು ಕೈ ಎತ್ತಿದರು.

"ಸಾಕು, ಕಾರಣ ಗೊತ್ತಾಯ್ತು. ಕಂಪ್ರೆಸರ್ ಸದ್ದಿನ ಮೇಲೆ ಕೂಗಿದ್ದೀರಿ. ಸದ್ದು ನಿಂತ ಮೇಲೂ ಕೂಗಿದ್ದೀರಿ. ಮೂರು ವಾರ ಒಂದ್ ಮಾತೂ ಆಡ್ಬಾರ್ದು. ಪಿಸುಗುಟ್ಟೋದೂ ಬೇಡ. ಇಲ್ಲಾಂದ್ರೆ ಆಪರೇಷನ್."

ಹೆಂಡತಿ ಧನಲಕ್ಷ್ಮಿ ಪಕ್ಕದಲ್ಲಿದ್ದಳು. "ಮೂರೇ ವಾರಾನಾ ಡಾಕ್ಟ್ರೇ?" ಎಂದಳು. ಆ ಕೇಳಿದ ರೀತಿ ನನಗೆ ಸರಿ ಕಾಣಲಿಲ್ಲ.

ಪುಣ್ಯಕ್ಕೆ ಒಂದು ಮುಖ್ಯ ಕೆಲಸವನ್ನು ದನಿ ಇದ್ದಾಗಲೇ ಮುಗಿಸಿದ್ದೆ. ಮಗಳು ಆಶಾರಾಣಿಗೆ ಚಿಕ್ಕಂದಿನಿಂದಲೂ ಮಾತು ಸಿಕ್ಕಿಕೊಳ್ಳುತ್ತದೆ. ಬ, ಪ ಬಂದರೆ ಬಂಡೆಗೆ ತಾಗಿದ ಡ್ರಿಲ್ ಬಿಟ್ಟಿನ ಹಾಗೆ ಅಲ್ಲೇ ನಿಂತುಬಿಡುತ್ತಾಳೆ. ಆಗೆಲ್ಲ ವಾಕ್ಯ ಮುಗಿಸಿಕೊಡುವವನು ನಾನು. ಮೂರು ಸೆಕೆಂಡಿಗಿಂತ ಹೆಚ್ಚು ಅವಳನ್ನು ಒದ್ದಾಡಲು ಬಿಟ್ಟವನಲ್ಲ. ಈಗ ಡಿಸೆಂಬರ್ ಏಳಕ್ಕೆ ಯಶವಂತಪುರದಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನವಿದೆ. ಅವಳ ಶಾಲೆಯಿಂದ ಅವಳದೇ ಮಾದರಿ ಆಯ್ಕೆಯಾಗಿದೆ. ತೀರ್ಪುಗಾರರ ಮುಂದೆ ಐದು ನಿಮಿಷ ವಿವರಿಸಬೇಕು, ಐದಕ್ಕೆ ಗಂಟೆ ಹೊಡೆಯುತ್ತಾರೆ. ಹೋದ ವಾರ ನಾನೇ ಹೋಗಿ ಹೆಡ್‌ಮಿಸ್ ಹತ್ತಿರ ಮಾತಾಡಿದೆ: ಮಾದರಿ ಆಶಾರಾಣಿಯದು, ವಿವರಣೆ ಅವಳ ಕ್ಲಾಸಿನ ಮುಸರ್ರತ್‌ದು. ಆ ಹುಡುಗಿ ಬಾಯಿ ತೆರೆದರೆ ನಲ್ಲಿ ತಿರುಗಿಸಿದ ಹಾಗೆ. ಫಾರಂಗೆ ಸಹಿ ಹಾಕಿ ಬಂದಿದ್ದೇನೆ. ಆಶಾಳಿಗೆ ಇನ್ನೂ ಗೊತ್ತಿಲ್ಲ. ಗೊತ್ತಾದರೆ ತಲೆ ಮೇಲಿನ ಮೂಟೆ ಇಳಿಸಿದಷ್ಟು ಹಗುರಾಗುತ್ತಾಳೆ.

ಇಂದಿನ ಲೆಕ್ಕ: ಮಧ್ಯಾಹ್ನದ ಮೇಲೆ ಆಡಿದ ಮಾತು ಸೊನ್ನೆ. ನುಂಗಿದ್ದು ಎಣಿಕೆಗೆ ಸಿಗಲಿಲ್ಲ.

೮ ನವೆಂಬರ್, ಶುಕ್ರವಾರ

ಆಶಾಳ ಹಳೆಯ ಸ್ಲೇಟು ಅಟ್ಟದಿಂದ ಇಳಿಯಿತು. ನನ್ನ ಕೈ ನನ್ನ ಬಾಯಷ್ಟು ಓಡುವುದಿಲ್ಲ. ಎರಡು ಅಕ್ಷರ ಬರೆಯುವಷ್ಟರಲ್ಲಿ ಎದುರಿನವರು ಉಳಿದದ್ದನ್ನು ತಾವೇ ಹೇಳಿ ಮುಗಿಸುತ್ತಾರೆ. ಹೇಳಿದ್ದು ಪ್ರತಿ ಸಲವೂ ತಪ್ಪು.

ಬೆಳಿಗ್ಗೆ ಮೊಸರು ಹುಳಿಯಾಗಿದೆ ಎಂದು ಬರೆಯಲು ಹೋದೆ. 'ಮೊಸ' ಆಗುವಷ್ಟರಲ್ಲಿ ಧನಲಕ್ಷ್ಮಿ ಇನ್ನೂ ಎರಡು ಸೌಟು ಮೊಸರು ಸುರಿದಳು.

ಹನ್ನೊಂದಕ್ಕೆ ಜಕ್ಕೂರಿನ ಅಪಾರ್ಟ್‌ಮೆಂಟಿನ ಸೆಕ್ರೆಟರಿ ನಂದಕುಮಾರ್ ಬಂದರು, ಬೋರ್ ಎಲ್ಲಿ ಹಾಕಿಸುವುದು ಎಂದು ಕೇಳಲು. 'ಗೇಟಿನ ಹತ್ತಿರ ಬೇಡ, ಬಂಡೆ' ಎಂದು ಬರೆಯುತ್ತಿದ್ದೆ. 'ಗೇಟಿನ ಹತ್ತಿರ' ಎಂಬಷ್ಟು ಓದಿ, "ಅಲ್ಲೇ ಅಲ್ವಾ? ನಾನೂ ಅದನ್ನೇ ಹೇಳ್ದೆ ಕಮಿಟೀಲಿ!" ಎಂದು ಕೈ ಕುಲುಕಿ ಹೊರಟೇಹೋದರು. ಸ್ಲೇಟು ಹಿಡಿದುಕೊಂಡು ಅವರ ಕಾರಿನ ಹಿಂದೆ ಹತ್ತು ಹೆಜ್ಜೆ ಓಡಿದೆ. ಮೈಯೆಲ್ಲ ಉರಿಯಿತು. ಒಬ್ಬ ಮನುಷ್ಯನ ವಾಕ್ಯ ಮುಗಿಯುವ ತನಕ ಕಾಯಲು ಈ ಜನಕ್ಕೆ ಏನು ದಾಡಿ!

ಸಂಜೆ ಅವ್ವ ಸೊಣ್ಣಮ್ಮ ಹೊಸ ಸುದ್ದಿ ತಂದಳು. "ಪಕ್ಕದ್ಮನೇರು ಕೇಳುದ್ರು ಕಣ್ಲಾ ಬ್ಯಾಟ, ನಿಮ್ಮನೇಲಿ ಯಾರಾದ್ರೂ ಓಗ್ಬಿಟ್ರಾ, ಎರಡ್ ದಿನದಿಂದ ಸದ್ದೇ ಇಲ್ವಲ್ಲಾ ಅಂತ."

೧೧ ನವೆಂಬರ್, ಸೋಮವಾರ

ಸಂಜೆ ಶೆಡ್ಡಿನಲ್ಲಿ ರಾಡ್ ಎಣಿಸುತ್ತಿದ್ದೆ. ಆಶಾ ಸ್ಕೂಲ್ ಬಟ್ಟೆಯಲ್ಲೇ ಬಂದು ಎದುರು ನಿಂತಳು. ಒಂಬತ್ತನೇ ಕ್ಲಾಸು. ಯಾವಾಗ ನನ್ನ ಭುಜ ದಾಟಿದಳೋ ತಿಳಿಯದು.

"ಅಪ್ಪಾ, ನಮ್ಮ ರಿಗ್ಗು ಬ್... ಬ್..."

ರಿಗ್ಗು ಬೋರ್ ಕೊರೆಯಲು ಎಲ್ಲಿಗೆ ಹೋಗಿದೆ ಎಂದು ಕೇಳುತ್ತಿದ್ದಾಳೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಬಾಯಿ ತೆರೆಯುವಂತಿಲ್ಲ, ಸ್ಲೇಟು ಲಾರಿಯಲ್ಲಿ ಉಳಿದಿತ್ತು. ಸುಮ್ಮನೆ ನಿಂತೆ. ಅವಳೂ ನಿಂತಳು. ಗೋಡೆ ಗಡಿಯಾರದ ಸೆಕೆಂಡು ಮುಳ್ಳು ಅರ್ಧ ಸುತ್ತು ಬಂತು.

"ಬೋರ್ ಕೊರೀತಾ ಕೊರೀತಾ, ನಿಲ್ಲಿಸ್ದೇ ಭೂಮಿ ಆಚೆ ಬದಿಗೇ ಹೋಗ್ಬಿಟ್ರೆ, ಆ ತೂತಲ್ಲಿ ಬಿದ್ದೋನು ಎಲ್ಲಿ ನಿಲ್ತಾನೆ?"

ಈ ಪ್ರಶ್ನೆಗೆ ನಾನು ಜಕ್ಕೂರು ಎಂದು ಉತ್ತರ ಕೊಡುವವನಿದ್ದೆ.

ನೆಲದ ಧೂಳಿನ ಮೇಲೆ ಬೆರಳಿನಿಂದ ಬರೆದೆ: ಮಧ್ಯದಲ್ಲಿ. ಅವಳ ಮುಖ ಅರಳಿತು. "ಎಲ್ರೂ ಅದನ್ನೇ ಹೇಳ್ತಾರೆ!" ಎಂದು ರಾಡುಗಳ ಮೇಲೆ ಕೂತಳು. ಅವಳು ಹೇಳಿದ್ದರ ಸಾರ ಇಷ್ಟು. ಬಿದ್ದವನು ಮಧ್ಯಕ್ಕೆ ಬರುವ ಹೊತ್ತಿಗೆ ಸೆಕೆಂಡಿಗೆ ಎಂಟು ಕಿಲೋಮೀಟರು ಓಡುತ್ತಿರುತ್ತಾನೆ, ಅಂದರೆ ಯಲಹಂಕದಿಂದ ಹೆಬ್ಬಾಳಕ್ಕೆ ಒಂದೇ ಸೆಕೆಂಡು. ಆ ಓಟದಲ್ಲಿ ನಿಲ್ಲಲು ಆಗುತ್ತದೆಯೇ? ಮಧ್ಯ ದಾಟಿ ಆಚೆ ಕಡೆಗೆ ಏರುತ್ತಾನೆ. ಏರುತ್ತ ಏರುತ್ತ ನಿಧಾನವಾಗಿ, ಸರಿಯಾಗಿ ಆಚೆಯ ಬಾಯಿಗೆ ಮುಟ್ಟಿದಾಗ ವೇಗ ಸೊನ್ನೆ. ಆ ಗಳಿಗೆಗೆ ಅಲ್ಲಿ ಯಾರಾದರೂ ಕೈ ಹಿಡಿದರೆ ದಡ. ಹಿಡಿಯದಿದ್ದರೆ ವಾಪಸ್ಸು ಬಿದ್ದು ಅಲ್ಲಾಳಸಂದ್ರಕ್ಕೇ ಬರುತ್ತಾನೆ. ಹೋಗಲು ನಲವತ್ತೆರಡು ನಿಮಿಷ, ಬರಲು ನಲವತ್ತೆರಡು. ಷರತ್ತು ಮೂರು: ತೂತಿನಲ್ಲಿ ಗಾಳಿ ಇರಬಾರದು, ಒಳಗಿನ ಬೆಂಕಿಯಂಥ ಬಿಸಿ ಇಲ್ಲವೆಂದುಕೊಳ್ಳಬೇಕು, ಭೂಮಿ ಎಲ್ಲ ಕಡೆಯೂ ಒಂದೇ ಗಟ್ಟಿ ಎಂದುಕೊಳ್ಳಬೇಕು. ಇದೇ ಅವಳ ಮಾದರಿ.

ಇಷ್ಟು ಹೇಳಲು ಹತ್ತು ನಿಮಿಷ ಹಿಡಿಯಿತು. ಏಳು ಸಲ ಸಿಕ್ಕಿಕೊಂಡಳು. ಏಳು ಸಲವೂ ತಾನೇ ಬಿಡಿಸಿಕೊಂಡಳು. ಈ ಹುಡುಗಿಯಲ್ಲಿ ಇಷ್ಟು ಮಾತಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

೧೨ ನವೆಂಬರ್, ಮಂಗಳವಾರ

ಜಕ್ಕೂರು. ನಾನು ಬೇಡವೆಂದ ಜಾಗದಲ್ಲಿ, ಗೇಟಿನ ಹತ್ತಿರವೇ, ಆರುನೂರ ಎಂಬತ್ತು ಅಡಿಗೆ ಎರಡೂವರೆ ಇಂಚು ನೀರು. ನಂದಕುಮಾರ್ ಪ್ಯಾಂಟು ಮಡಚಿ ಕೆಸರಲ್ಲಿ ಕುಣಿದರು. "ಬ್ಯಾಟರಾಯಪ್ಪನವ್ರ ಪಾಯಿಂಟು ಅಂದ್ರೆ ಪಾಯಿಂಟು!" ನಾನು ಅಲ್ಲಗಳೆಯಲಿಲ್ಲ. ಡಾಕ್ಟರ ಆಜ್ಞೆ.

ಡ್ರಿಲ್ಲರ್ ಅಕ್ಬರ್ ಪಾಷಾ ಮೊದಲ ರಿಗ್ಗಿನಿಂದಲೂ ನನ್ನ ಜೊತೆಯವರು, ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವರು. ಟೀ ಕುಡಿಯುವಾಗ ಆಶಾಳ ತೂತಿನ ಲೆಕ್ಕವನ್ನು ಅವರಿಗೆ ಸ್ಲೇಟಿನಲ್ಲಿ ತೋರಿಸಿದೆ. ಭೂಮಿಯ ಅಡ್ಡಗಲ ನಾಲ್ಕು ಕೋಟಿ ಹದಿನೆಂಟು ಲಕ್ಷ ಅಡಿ. ನಮ್ಮ ಇದುವರೆಗಿನ ದಾಖಲೆ ಸಾವಿರದ ಮುನ್ನೂರ ನಲವತ್ತು. ದಿನಕ್ಕೆ ಸಾವಿರ ಅಡಿಯಂತೆ ಭಾನುವಾರವೂ ಬಿಡದೆ ಕೊರೆದರೆ ನೂರ ಹದಿನಾಲ್ಕು ವರ್ಷ.

ಪಾಷಾ ಗಡ್ಡ ಕೆರೆದುಕೊಂಡರು. "ಆಚೆ ಕಡೆ ಏನೈತೆ ಬ್ಯಾಟಣ್ಣ?"

ಆಶಾ ಗ್ಲೋಬ್ ತಿರುಗಿಸಿ ತೋರಿಸಿದ್ದಳು. ಬರೆದೆ: ಸಮುದ್ರ.

"ಯಾ ಅಲ್ಲಾ! ಕೊನೇಗೂ ಒಂದು ಫೇಲ್ ಆಗ್ದಿರೋ ಪಾಯಿಂಟು!"

ಕೆಳಗೆ ಬರೆದೆ: ಉಪ್ಪು.

"ಹೌದಲ್ಲಾ," ಎಂದರು. ಒಂದು ಗುಟುಕು ಟೀ ಕುಡಿದು, "ಹಂಗಾದ್ರೆ ಅಲ್ಲಿಗೂ ಟ್ಯಾಂಕರ್‌ನೇ ಕಳಿಸ್ಬೇಕು."

೧೭ ನವೆಂಬರ್, ಭಾನುವಾರ

ಒಳ್ಳೆಯದಾಗಿ ಶುರುವಾದ ದಿನ.

ಸೈನ್ಸ್ ಟೀಚರ್ ಜಬೀನ್ ಮಿಸ್ ಮಾದರಿ ನೋಡಲು ಶೆಡ್ಡಿಗೆ ಬಂದರು. ಥರ್ಮೋಕೋಲಿನ ಅರ್ಧ ಭೂಮಿ, ನಡುವೆ ಪೈಪಿನ ತುಂಡು. ಚೆನ್ನಾಗಿದೆ, ಆದರೆ ಏನೂ ಅಲ್ಲಾಡುವುದಿಲ್ಲ. ಬಿದ್ದವನು ಹೋಗಿ ಬಂದು ಮಾಡುವುದನ್ನು ತೋರಿಸುವುದು ಹೇಗೆ? ಮಿಸ್ ಶೆಡ್ಡಿನಲ್ಲಿ ಸುತ್ತ ನೋಡಿ, ಚೈನಿನಲ್ಲಿ ನೇತಾಡುತ್ತಿದ್ದ ಹಳೆಯ ಡ್ರಿಲ್ ಬಿಟ್ಟಿನತ್ತ ಬೆರಳು ತೋರಿಸಿದರು. ಇಪ್ಪತ್ತು ಕೆ.ಜಿ. ಉಕ್ಕು.

"ಇದನ್ನ ಸ್ವಲ್ಪ ಎಳೆದು ಬಿಡಿ ಸಾರ್."

ಒಂದು ಗೇಣು ಎಳೆದು ಬಿಟ್ಟೆ. ಆಶಾ ವಾಚ್ ಹಿಡಿದಳು. ಹತ್ತು ಸಲ ಹೋಗಿಬರಲು ಮೂವತ್ತೈದು ಸೆಕೆಂಡು. ಎರಡು ಮೊಳ ಎಳೆದು ಬಿಟ್ಟೆ. ಈಗಲೂ ಮೂವತ್ತೈದು! ನನಗೆ ನಂಬಿಕೆ ಬರಲಿಲ್ಲ, ವಾಚ್ ಕಿತ್ತುಕೊಂಡು ಮತ್ತೆರಡು ಸಲ ನೋಡಿದೆ. ದೂರ ಹೆಚ್ಚಾದಷ್ಟೂ ಎಳೆತ ಹೆಚ್ಚು, ಅದಕ್ಕೇ ಓಟವೂ ಹೆಚ್ಚು, ಕೊನೆಗೆ ಕಾಲ ಒಂದೇ. ಭೂಮಿಯ ತೂತಿನಲ್ಲೂ ಇದೇ ಕಟ್ಟಲೆಯಂತೆ.

ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅವ್ವ ನಕ್ಕಳು. "ಇದ್ಕೆ ಗಡಿಯಾರ ಬೇಕೇನವ್ವ? ತೊಟ್ಲು ತೂಗ್ದೋರ್ಗೆಲ್ಲ ಗೊತ್ತು. ಜೋರಾಗ್ ತಳ್ಳುದ್ರೂ ಮೆತ್ತುಗ್ ತಳ್ಳುದ್ರೂ ಅದ್ರ ತಾಳ ಅದ್ಕೆ."

"ಅಜ್ಜಿ ಪಾಸು," ಎಂದರು ಜಬೀನ್ ಮಿಸ್. ಆಮೇಲೆ ಅವ್ವನ ಮೊರದಿಂದ ಒಂದು ಈರುಳ್ಳಿ ತೆಗೆದುಕೊಂಡು ನನಗೆ ತಿಳಿಹೇಳಿದರು. ಭೂಮಿ ಈರುಳ್ಳಿಯ ಹಾಗೆ. ಒಳಗೆ ಇಳಿದಂತೆ ಸುತ್ತಲಿನ ಹೊರ ಪದರಗಳ ಎಳೆತ ಒಂದಕ್ಕೊಂದು ಹೊಡೆದುಹೋಗುತ್ತದೆ. ನಿನ್ನ ಕಾಲ ಕೆಳಗೆ ಉಳಿದ ಚಿಕ್ಕ ಈರುಳ್ಳಿ ಮಾತ್ರ ಎಳೆಯುತ್ತದೆ. ಇಳಿದಷ್ಟೂ ಅದು ಚಿಕ್ಕದು. ನಟ್ಟನಡುವೆ ಈರುಳ್ಳಿಯೇ ಇಲ್ಲ.

"ಮಧ್ಯದಲ್ಲಿ ಯಾರೂ ಎಳೆಯಲ್ಲ," ಎಂದಳು ಆಶಾ. "ಅಲ್ಲೇ ಸ್ಪೀಡ್ ಜಾಸ್ತಿ."

ಅಷ್ಟರವರೆಗೆ ಎಲ್ಲ ಸರಿಯಿತ್ತು. ಹೊರಡುವಾಗ ಮಿಸ್, "ಆಶಾ, ಹೇಳಬೇಕಾಗಿರೋದನ್ನ ಎರಡು ಪೇಜಲ್ಲಿ ಬರೆದು ಮುಸರ್ರತ್‌ಗೆ ಕೊಟ್ಬಿಡು. ಅವಳು ಬಾಯಿಪಾಠ ಮಾಡ್ಬೇಕಲ್ಲ," ಎಂದರು.

ಆಶಾ ವಾಚಿನಿಂದ ತಲೆ ಎತ್ತಿದಳು. "ಅವಳ್ಯಾಕೆ?"

"ನಿಮ್ಮಪ್ಪನೇ ಬಂದು ಬರೆಸಿಹೋದ್ರಲ್ಲಮ್ಮ. ನಿಂಗೆ ಹೇಳಿಲ್ವಾ?"

ಆಶಾ ನನ್ನನ್ನು ನೋಡಿದಳು. ನಾನು ಸ್ಲೇಟು ಎತ್ತಿಕೊಂಡೆ. ಏನು ಬರೆಯಬೇಕೆಂದು ಹೊಳೆಯುವಷ್ಟರಲ್ಲಿ ಅವಳು ಮನೆಯೊಳಗೆ ಹೋಗಿಯಾಗಿತ್ತು. ಬಿಟ್ಟು ಮಾತ್ರ ಚೈನಿನಲ್ಲಿ ಇನ್ನೂ ಹೋಗಿಬರುತ್ತಿತ್ತು.

೧೮ ನವೆಂಬರ್, ಸೋಮವಾರ

ಆಶಾ ಮಾತಾಡಲಿಲ್ಲ. ನಾನೂ ಆಡಲಿಲ್ಲ. ನನ್ನ ಹತ್ತಿರ ಡಾಕ್ಟರ ಚೀಟಿ ಇದೆ.

೧೯ ನವೆಂಬರ್, ಮಂಗಳವಾರ

ಹಾಗೇ. ಅವ್ವ ಅಂದಳು, "ಒಂದ್ ಮನೇಲಿ ಇಬ್ರು ಮೂಗ್ರುನ್ನ ಸಾಕಕ್ಕಾಗಕ್ಕಿಲ್ಲ ನನ್ಗೆ."

೨೦ ನವೆಂಬರ್, ಬುಧವಾರ

ಮಾಕಳಿಯ ಸೈಟಿನಲ್ಲಿ ಎಂಟುನೂರ ಅರವತ್ತು ಅಡಿಯಲ್ಲಿ ಕಲ್ಲು ಕುಸಿದು, ಬಂಡೆ ಒಡೆಯುವ ಹ್ಯಾಮರ್ ಕಚ್ಚಿಕೊಂಡಿತು. ನಲವತ್ಮೂರು ರಾಡಿನ ತುದಿಯಲ್ಲಿ. ಇಂಥ ಹೊತ್ತಿನಲ್ಲಿ ನಾನು ಮಾಡುವುದು ಒಂದೇ: ರಿಗ್ಗಿನ ಮುಂದೆ ನಿಂತು "ಎಳೀ, ಎಳೀ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುವುದು. ಇವತ್ತು ಕೈ ಆಡಿಸಿ ಆಡಿಸಿ ತೋರಿಸಿದೆ. ಅಕ್ಬರ್ ಪಾಷಾ ನನ್ನ ಕಡೆ ಬೆನ್ನು ಹಾಕಿ ನಿಂತರು. ಬೇಕೆಂದೇ ಹಾಕಿದರು ಅಂತ ನನ್ನ ಲೆಕ್ಕ.

ಅವರು ಕಂಪ್ರೆಸರ್ ಗಾಳಿ ನಿಲ್ಲಿಸಲಿಲ್ಲ, ಜೋರೂ ಮಾಡಲಿಲ್ಲ. ರಾಡನ್ನು ಮೆಲ್ಲಗೆ ತಿರುಗಿಸುತ್ತ, ಒಂದು ಇಂಚು ಮೇಲೆ ಒಂದು ಇಂಚು ಕೆಳಗೆ, ಎರಡು ಗಂಟೆ. ನಡುವೆ ಎರಡು ಸಲ ಟೀ ತರಿಸಿಕೊಂಡರು. ನಾನು ಮರಳಿನ ರಾಶಿಯ ಮೇಲೆ ಕೂತು ಉಗುರು ಕಡಿದೆ. ಮೂರೂಕಾಲಕ್ಕೆ ಹ್ಯಾಮರ್ ತಾನಾಗಿ ಸಡಿಲಾಗಿ ಎದ್ದು ಬಂತು, ಹೊಸದರ ಹಾಗೆ.

"ನೀವು ಕೂಗಿದ್ರೆ ನಾನು ಎಳೀಲೇಬೇಕಾಗಿತ್ತು ಬ್ಯಾಟಣ್ಣ. ಎಳೆದಿದ್ರೆ ರಾಡ್ ಮುರಿದು ಅಲ್ಲೇ ಉಳ್ಕೊಳ್ತಿತ್ತು," ಎಂದರು ಕೈ ಒರೆಸಿಕೊಳ್ಳುತ್ತ. "ಇಪ್ಪತ್ತೆರಡು ವರ್ಷದಲ್ಲಿ ಮೂರು ಹ್ಯಾಮರ್ ಕಳ್ದಿದ್ದೀವಿ. ಮೂರು ಸಲಾನೂ ಸೈಟಲ್ಲಿ ಯಾರಿದ್ರು ಅಂತ ಹೇಳ್ಲಾ?"

ಬೇಡ ಎಂದು ಬರೆದೆ. ಹೇಳಿದರು.

೨೨ ನವೆಂಬರ್, ಶುಕ್ರವಾರ

ಬೆಳಿಗ್ಗೆ ಶಾಲೆಗೆ ಹೋದೆ. ಹೆಡ್‌ಮಿಸ್ ಒಳ್ಳೆಯ ಹೆಂಗಸು, ಆದರೆ ಅವಸರ. ನಾನು 'ಮುಸರ್ರತ್' ಎಂದು ಬರೆಯುತ್ತಿದ್ದಂತೆ, "ಅವಳ ಪ್ರಾಕ್ಟೀಸ್ ಚೆನ್ನಾಗಿ ನಡೀತಿದೆ ಸಾರ್, ಚಿಂತೆ ಬೇಡ," ಎಂದರು. ಅಳಿಸಿ 'ಆಶಾ' ಎಂದು ಬರೆದೆ. "ಅವಳನ್ನೂ ಪಕ್ಕದಲ್ಲಿ ನಿಲ್ಲಿಸ್ತೀವಿ ಸಾರ್, ಫೋಟೋಗೆ ಬರ್ತಾಳೆ." ಮತ್ತೆ ಅಳಿಸಿದೆ. "ಗಂಟಲು ಹೇಗಿದೆ? ಅರಿಶಿನ ಹಾಲು ಕುಡೀರಿ."

ಕೊನೆಗೆ ಸ್ಲೇಟನ್ನು ಎದೆಗೆ ಆನಿಸಿಕೊಂಡು, ಅವರಿಗೆ ಕಾಣದ ಹಾಗೆ ಪೂರ್ತಿ ಬರೆದು, ಆಮೇಲೆ ತಿರುಗಿಸಿದೆ:

'ಆಶಾಳ ಮಾತು ಆಶಾಳೇ ಆಡುತ್ತಾಳೆ. ಅವಳನ್ನು ಕೇಳದೆ ಸಹಿ ಹಾಕಿದ್ದು ನನ್ನ ತಪ್ಪು.'

ಅವರು ಎರಡು ಸಲ ಓದಿದರು. "ಐದೇ ನಿಮಿಷ ಸಾರ್. ಗಂಟೆ ಹೊಡೆದ್ರೆ ಮುಗೀತು. ಮುಗಿಸ್ತಾಳಾ?" ಎಂದರು. ಗೊತ್ತಿಲ್ಲ ಎಂದು ತಲೆಯಾಡಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಯಾರಿಗೂ ಆ ಉತ್ತರ ಕೊಟ್ಟವನಲ್ಲ ನಾನು, ನೀರು ಬರುತ್ತದೋ ಇಲ್ಲವೋ ಎಂದು ಕೇಳಿದವರಿಗೂ.

ಹೊಸ ಫಾರಂ ತಂದು ಆಶಾಳ ಮುಂದಿಟ್ಟೆ. ಓದಿದಳು.

"ಅವತ್ತು ಬ್... ಬರೆಸಿದಾಗ ನನ್ನ ಕೇಳಿದ್ಯಾ? ಇವತ್ತು ಬದಲಾಯಿಸ್ದಾಗ ಕೇಳಿದ್ಯಾ? ಎರಡ್ ಸಲಾನೂ ನೀನೇ!"

ನಿಜ. ಸ್ಲೇಟಿನಲ್ಲಿ ಬರೆದೆ: ಈಗ ಕೇಳುತ್ತಿದ್ದೇನೆ. ಏನು ಮಾಡಲಿ?

ಅವಳು ತುಂಬ ಹೊತ್ತು ತೆಗೆದುಕೊಂಡಳು. ಸಿಕ್ಕಿಕೊಂಡಿರಲಿಲ್ಲ, ಯೋಚಿಸುತ್ತಿದ್ದಳು. ಈಚೆಗೆ ನನಗೆ ಅವೆರಡೂ ಬೇರೆ ಬೇರೆಯಾಗಿ ಕಾಣುತ್ತಿವೆ.

"ನಾನೇ ಮಾತಾಡ್ತೀನಿ. ಮುಸರ್ರತ್ ಬಿಟ್ಟನ್ನ ತೂಗ್ಲಿ, ಟೈಮ್ ಎಣಿಸ್ಲಿ. ನೀನು ದಿನಾ ಎದುರಿಗೆ ಕೂತ್ಕೊಂಡು ಕೇಳ್ಬೇಕು. ಸುಮ್ನೆ."

ಅವಳೇ ಸಹಿ ಮಾಡುವ ಜಾಗ ತೋರಿಸಿದಳು.

೨೪ ನವೆಂಬರ್, ಭಾನುವಾರ

ಮೊದಲ ಅಭ್ಯಾಸ. ಎರಡನೇ ವಾಕ್ಯಕ್ಕೇ ಆಶಾ ನಿಲ್ಲಿಸಿದಳು. "ಅಪ್ಪಾ, ತುಟಿ!"

ದನಿ ಹೊರಡದಿದ್ದರೂ ನನ್ನ ತುಟಿ ಅವಳ ಮುಂದೆ ಮುಂದೆ ಓಡುತ್ತದಂತೆ. ನಾನು ಒಪ್ಪಲಿಲ್ಲ. ಧನಲಕ್ಷ್ಮಿ ಕನ್ನಡಿ ತಂದು ಹಿಡಿದಳು. ಒಪ್ಪಬೇಕಾಯಿತು. ಹಲ್ಲು ಕಚ್ಚಿದೆ, ಹುಬ್ಬು ಓಡಿತು. ಕೈ ಕಟ್ಟಿದೆ, ತಲೆ ಓಡಿತು.

ಉಪಾಯ ಕೊಟ್ಟವಳು ಅವ್ವ. "ಬಾಯ್ ತುಂಬ ನೀರ್ ಇಟ್ಕಂಡು ಕುಂತ್ಕೊಳ್ಳಲಾ. ಅಲ್ಲಾಡುದ್ರೆ ಚೆಲ್ತದೆ, ಗೊತ್ತಾಯ್ತದೆ."

ಊರಿಗೆಲ್ಲ ನೀರು ಕೊಟ್ಟವನು ಬಾಯಲ್ಲಿ ಒಂದು ಗುಟುಕು ನೀರಿಟ್ಟುಕೊಂಡು ಮಣೆಯ ಮೇಲೆ ಕೂತೆ. ಮೊದಲ ಸುತ್ತಿನಲ್ಲಿ ಅಂಗಿ ಪೂರ್ತಿ ಒದ್ದೆ. ಎರಡನೆಯದರಲ್ಲಿ ಕಾಲರ್ ಮಾತ್ರ. ಆಶಾ ನಕ್ಕು ನಕ್ಕು ಮುಂದೆ ಹೇಳಲಾಗದೆ ಕೂತುಬಿಟ್ಟಳು. ಏಳು ದಿನದ ಮೇಲೆ ನಕ್ಕದ್ದು.

ಅವಳ ಸಮಯ: ಒಂಬತ್ತು ನಿಮಿಷ ಹತ್ತು ಸೆಕೆಂಡು.

೨೭ ನವೆಂಬರ್, ಬುಧವಾರ

ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿದರು. ಗಂಟು ಕರಗುತ್ತಿವೆ. ಇನ್ನು ದಿನಕ್ಕೆ ಹತ್ತು ನಿಮಿಷ, ಮೆಲ್ಲಗೆ, ಮಾತಾಡಬಹುದು.

ಮನೆಯಲ್ಲಿ ಎಲ್ಲರೂ ಸುತ್ತ ಕೂತು ಮೊದಲ ಮಾತಿಗೆ ಕಾದರು. ಮೂರು ವಾರ ಏನೇನೋ ಕೂಡಿಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು, "ಮೊಸರು ಹುಳಿಯಾಗಿತ್ತು."

"ಯಾವತ್ತು?" ಎಂದಳು ಧನಲಕ್ಷ್ಮಿ.

"ಎಂಟನೇ ತಾರೀಕು."

ಮಲಗುವ ಮುಂಚೆ ಲೆಕ್ಕ ನೋಡಿದರೆ ಹತ್ತರಲ್ಲಿ ನಾಲ್ಕು ನಿಮಿಷ ಹಾಗೇ ಉಳಿದಿದೆ. ಎಣಿಸುವಾಗ ಎಲ್ಲೋ ತಪ್ಪಿರಬೇಕು.

೩ ಡಿಸೆಂಬರ್, ಮಂಗಳವಾರ

ಆರು ನಿಮಿಷ ಐವತ್ತು. ಎರಡು ನಿಮಿಷ ಇಳಿಸಿದ್ದಾಳೆ. ಅವಸರ ಮಾಡಿ ಇಳಿಸಿದ್ದಲ್ಲ, ಬೇಡದ ವಾಕ್ಯ ತೆಗೆದುಹಾಕಿ. ನನ್ನ ಜೀವಮಾನದಲ್ಲಿ ನನಗೆ ತೋಚದ ಉಪಾಯ.

ಇವತ್ತಿನ ಹತ್ತು ನಿಮಿಷದಲ್ಲಿ ಅರ್ಧ ನಿಮಿಷ ಖರ್ಚು ಮಾಡಿ ಒಂದು ಸಲಹೆ ಕೊಟ್ಟೆ. ಅಲ್ಲಾಳಸಂದ್ರದಿಂದ ಕೊರೆದರೆ ಬಿದ್ದವನು ನೆಟ್ಟಗೆ ಹೋಗುವುದಿಲ್ಲ. ಭೂಮಿ ತಿರುಗುತ್ತಿರುವುದರಿಂದ ಪೂರ್ವದ ಗೋಡೆಗೆ ಉಜ್ಜುತ್ತಾನೆ. ಇದನ್ನು ಹೇಳುವಾಗ 'ಪೂರ್ವ' ಎಂಬಲ್ಲಿ ಪ್ರತಿ ದಿನ ಸಿಕ್ಕಿಕೊಳ್ಳುತ್ತಾಳೆ. "ಸೂರ್ಯ ಹುಟ್ಟೋ ಕಡೆ ಅಂದ್ಬಿಡು," ಎಂದೆ.

"ಅದರ ಹೆಸರು ಪ್... ಪೂರ್ವ ಅಪ್ಪ. ಸಿಕ್ಕಾಕೊಂಡ್ರೆ ಸಿಕ್ಕಾಕೊಂಡೆ. ಪೂರ್ವ ಅಂತಾನೇ ಹೇಳ್ತೀನಿ."

ನೀರು ತುಂಬಿಕೊಂಡು ಕೂತೆ.

೭ ಡಿಸೆಂಬರ್, ಶನಿವಾರ

ಮಾದರಿ, ಬಿಟ್ಟು, ಮೂರು ಕಾಲಿನ ಸ್ಟ್ಯಾಂಡು, ಚೈನು, ಎಲ್ಲ ಗೂಡ್ಸ್ ಆಟೋದಲ್ಲಿ. ಹಿಂದೆ ಕಾರಿನಲ್ಲಿ ನಾವು, ಜಬೀನ್ ಮಿಸ್, ಮುಸರ್ರತ್. ಹೆಬ್ಬಾಳ ದಾಟಿ ಯಶವಂತಪುರ ಮುಟ್ಟಲು ಒಂದು ಗಂಟೆ ಹತ್ತು ನಿಮಿಷ. "ಯಲಹಂಕದಿಂದ ಇಲ್ಲಿಗೆ ನೇರವಾಗಿ ಸುರಂಗ ಇದ್ದು, ಜಾರ್‌ಬಿಟ್ಟಿದ್ರೂ ನಲವತ್ತೆರಡೇ ನಿಮಿಷ ಆಗ್ತಿತ್ತು," ಎಂದಳು ಆಶಾ. ಎರಡು ತುದಿಯ ಮಧ್ಯೆ ಎಷ್ಟೇ ದೂರವಿರಲಿ, ಸುರಂಗ ನೆಟ್ಟಗಿದ್ದು ಉಜ್ಜದೆ ಜಾರಿದರೆ ಕಾಲ ಅಷ್ಟೇಯಂತೆ. ಮುಸರ್ರತ್, "ಸಿಗ್ನಲ್ಲೂ ಇರಲ್ಲ ಕಣೇ," ಎಂದಳು.

ಹಾಲಿನಲ್ಲಿ ಮೂವತ್ತೊಂದು ಮೇಜು. ನಮ್ಮದು ಹತ್ತೊಂಬತ್ತು, ಹೆಡ್‌ಮಿಸ್ ನಮಗಿಂತ ಮೊದಲೇ ಬಂದು ಅಲ್ಲಿ ನಿಂತಿದ್ದರು. ಎದುರಿನದರಲ್ಲಿ ಹೊಗೆಯಾಡುವ ಜ್ವಾಲಾಮುಖಿ, ಎಲ್ಲ ಮಕ್ಕಳೂ ಅಲ್ಲೇ. ತೀರ್ಪುಗಾರರು ಮೂವರು. ನಡುವಿನವರು ನರೆತ ಮೀಸೆಯ ಯೋಗಾನಂದ ಮೇಷ್ಟ್ರು, ನಿವೃತ್ತ ಪ್ರೊಫೆಸರ್ ಎಂದು ಬ್ಯಾಡ್ಜಿನಲ್ಲಿತ್ತು. ಅವರು ಹದಿನೆಂಟನೇ ಮೇಜಿಗೆ ಬಂದಾಗ ನಾನು ಬಾಟಲಿಯಿಂದ ಒಂದು ಗುಟುಕು ತುಂಬಿಕೊಂಡು ಕಂಬದ ಪಕ್ಕ ನಿಂತೆ. ದನಿ ಇತ್ತು, ಹತ್ತು ನಿಮಿಷ ಪೂರ್ತಿ ಇತ್ತು. ಅದಕ್ಕೇ ತುಂಬಿಕೊಂಡೆ.

ಆಶಾ ಶುರು ಮಾಡಿದಳು. ಮೊದಲ ನಿಮಿಷ ಹರಿಯಿತು. 'ಭೂಮಿ'ಯಲ್ಲಿ ನಿಂತಳು, ಬಿಡಿಸಿಕೊಂಡಳು. 'ಬೋರ್'ನಲ್ಲಿ ನಿಂತಳು. ಮುಸರ್ರತ್ ಬಿಟ್ಟನ್ನು ತೂಗಿದಳು, ತೀರ್ಪುಗಾರರು ವಾಚ್ ನೋಡಿಕೊಂಡು ತಲೆದೂಗಿದರು. ಆಶಾಳ ಮನುಷ್ಯ ಮಧ್ಯಕ್ಕೆ ಬಂದ, ಯಾರೂ ಎಳೆಯುತ್ತಿಲ್ಲ, ಸೆಕೆಂಡಿಗೆ ಎಂಟು ಕಿಲೋಮೀಟರ್. ಅಷ್ಟರಲ್ಲಿ ಗಂಟೆ ಹೊಡೆಯಿತು.

ಐದು ನಿಮಿಷ. ಮುಗಿಯಿತು. ಅವಳ ಮುಖ ನೋಡಲಾಗದೆ ಚಪ್ಪಲಿ ನೋಡಿಕೊಂಡೆ.

"ಭಾಷಣ ಮುಗೀತು," ಎಂದರು ಯೋಗಾನಂದ ಮೇಷ್ಟ್ರು. "ಇನ್ನು ಪ್ರಶ್ನೆ. ಪ್ರಶ್ನೆಗೆ ಗಂಟೆ ಇಲ್ಲ. ಅಲ್ಲಮ್ಮ, ನಿನ್ನ ಮನುಷ್ಯನನ್ನ ನಡುದಾರೀಲೇ ಬಿಟ್ಯಲ್ಲ, ಅವನ ಗತಿ ಏನು?"

ಆಶಾ ಅವನನ್ನು ಆಚೆ ಬಾಯಿಯವರೆಗೂ ಮುಟ್ಟಿಸಿದಳು.

"ಸರಿ. ನಮ್ಮ ಯಲಹಂಕದಿಂದಲೇ ಕೊರೆದ್ರು ಅನ್ನು. ನೆಟ್ಟಗೆ ಬೀಳ್ತಾನಾ?"

"ಇಲ್ಲ ಸಾರ್. ಪ್... ಪ್..."

ನಿಂತಿತು. ಕಣ್ಣು ಮುಚ್ಚಿದಳು. ನಾನು ಎಣಿಸಲು ಶುರು ಮಾಡಿದೆ. ಆರಕ್ಕೆ ಹೆಡ್‌ಮಿಸ್ "ಪಕ್ಕಕ್ಕೆ" ಎಂದು ಪಿಸುಗುಟ್ಟಿದರು. ಹನ್ನೊಂದಕ್ಕೆ ಎಡಗಡೆಯ ತೀರ್ಪುಗಾರರು, "ಪಶ್ಚಿಮಕ್ಕಾ?" ಎಂದು ತಾವೇ ಉತ್ತರ ಕೈಗೆ ಕೊಟ್ಟರು, ಅದೂ ತಪ್ಪು. ಆಶಾ ತಲೆ ಅಡ್ಡ ಆಡಿಸಿದಳು. ಹದಿನೈದು. ಜ್ವಾಲಾಮುಖಿಯ ಮಕ್ಕಳು ಈ ಕಡೆ ತಿರುಗಿದರು. ಉತ್ತರ ನನ್ನ ಬಾಯಲ್ಲೇ ಇತ್ತು, ನೀರಿನ ಅಡಿಯಲ್ಲಿ. ಇಪ್ಪತ್ತು. ಗಾಳಿ ನಿಲ್ಲಿಸಬೇಡ, ಎಳೆಯಬೇಡ. ಇಪ್ಪತ್ಮೂರು.

"ಪೂರ್ವದ ಗೋಡೆಗೆ ತಾಗ್ತಾನೆ ಸಾರ್. ಮೇಲಿರೋವಾಗ ಭೂಮಿ ಜೊತೆ ಪೂರ್ವಕ್ಕೆ ಓಡ್ತಿದ್ನಲ್ಲ, ಆ ಓಟ ಅವನ ಹತ್ರ ಹಾಗೇ ಇರುತ್ತೆ. ಒಳಗಡೆ ಗೋಡೆ ಅಷ್ಟು ಜೋರಾಗಿ ಓಡಲ್ಲ. ನೆಟ್ಟಗೆ ಬೀಳ್ಬೇಕು ಅಂದ್ರೆ ಧ್ರುವದಿಂದ ಧ್ರುವಕ್ಕೆ ಕೊರೀಬೇಕು."

ಮೂರು ಪೂರ್ವ ಬೇಕಾದರೂ ಹೇಳುತ್ತಿದ್ದಳು, ಎರಡು ಸಾಕಾಯಿತು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಏನೋ ಬರೆದುಕೊಂಡರು. ನಾನು ನೀರು ನುಂಗಿದೆ. ಬಿಸಿಯಾಗಿತ್ತು.

ಎರಡನೇ ಬಹುಮಾನ. ಮೊದಲನೆಯದು ಜ್ವಾಲಾಮುಖಿಗೆ. ಹೊಗೆ ಬಂದರೆ ಯಾರಿಗೆ ತಾನೇ ಇಷ್ಟವಾಗುವುದಿಲ್ಲ.

ವೇದಿಕೆಯ ಮೇಲೆ ಆಶಾ, ಮುಸರ್ರತ್ ಸರ್ಟಿಫಿಕೇಟ್ ತೆಗೆದುಕೊಂಡರು. ಆಗ ಹೆಡ್‌ಮಿಸ್‌ಗೆ ನನ್ನ ನೆನಪಾಯಿತು. "ಈ ಮಾದರಿಗೆ ಸಾಮಾನು ಒದಗಿಸಿದ ತಂದೆಯವರು, ಒಳ್ಳೇ ಮಾತುಗಾರರು, ಎರಡು ಮಾತಾಡ್ಬೇಕು," ಎಂದು ನನ್ನನ್ನೂ ಮೇಲಕ್ಕೆ ಕರೆದು ಮೈಕ್ ಕೈಗಿಟ್ಟರು. ಅಲ್ಲಾಳಸಂದ್ರದ ಗಣೇಶನ ಪೆಂಡಾಲಿನಿಂದ ಹಿಡಿದು ಸಂಘದ ವಾರ್ಷಿಕ ಸಭೆಯವರೆಗೆ ಎಲ್ಲ ಮೈಕೂ ಕಂಡ ಬಾಯಿ ಇದು. ಕೆಳಗೆ ಧನಲಕ್ಷ್ಮಿ ಆಗಲೇ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಅರ್ಧ ಗಂಟೆಗೆ ತಯಾರಾಗಿದ್ದಳು.

ಆಶಾಳ ಕಡೆ ನೋಡಿದೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಗಂಟಲು ಚೆನ್ನಾಗಿಯೇ ಇತ್ತು.

ಹಾಲಿನಲ್ಲಿ ಯಾರೋ ಕೆಮ್ಮಿದರು. ಮೈಕ್ ಕುಯ್ ಎಂದಿತು. "ಧನ್ಯವಾದ ಅನ್ನಿ ಸಾರ್, ಧನ್ಯವಾದ," ಎಂದು ಹೆಡ್‌ಮಿಸ್ ಕಿವಿಯ ಹತ್ತಿರ ಬಂದರು. ಆಶಾ ಅವರಿಗೂ ನನಗೂ ನಡುವೆ ಕೈ ಚಾಚಿದಳು.

"ಇರಿ ಮಿಸ್. ಬ್... ಬರುತ್ತೆ."

ನನ್ನ ಪಕ್ಕಕ್ಕೆ ಬಂದು ನಿಂತಳು. ತುಟಿ ಅಲ್ಲಾಡಿಸದೆ ಕಾದಳು.

ಬಂತು. ಮೂರೇ ಪದ, ಅವಳ ಹೆಸರೂ ಸೇರಿ. ಇಲ್ಲಿ ಬರೆದಿಡುವ ಅಗತ್ಯವಿಲ್ಲ, ಕೇಳಬೇಕಾದವಳು ಕೇಳಿಸಿಕೊಂಡಿದ್ದಾಳೆ.